ಮುಚ್ಚಿಟ್ಟ ನಂಬರಿನ ಕರೆ

ಲ್ಯೂಯಿಸ್ಟನ್ ಊರಿನ ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ವೆರ್ನಾ ಮತ್ತು ನಾನು ಎದುರುಬದುರು ನಿಂತು ಹಾಸಿಗೆ ಬಟ್ಟೆ ಮಡಿಸುತ್ತಿದ್ದೆವು. ಯಾರಾದರೂ ಫೋಟೊ ತೆಗೆಯಲು ಬಂದರೆ ವೆರ್ನಾ ಕೈಯಲ್ಲಿದ್ದ ಬಟ್ಟೆಯನ್ನು ಮುಖದ ಮಟ್ಟಕ್ಕೆ ಎತ್ತಿಬಿಡುತ್ತಿದ್ದರು. ಶಾಲೆ ಯಾಕೆ ಬಿಟ್ಟೆ ಎಂದು ನನ್ನನ್ನು ಕೇಳದಿದ್ದವರು ಅವರೊಬ್ಬರೇ. ಹಾಗಾಗಿ ನಾನೂ ಅವರನ್ನು ಏನೂ ಕೇಳಿರಲಿಲ್ಲ.

ಹೊಡೆಯುವ ಗಂಡನನ್ನು ಬಿಟ್ಟು, ಬೇರೆ ರಾಜ್ಯದಿಂದ ಓಡಿ ಬಂದವರು ಎಂದು ಮಾತ್ರ ನನಗೆ ಗೊತ್ತಿತ್ತು. ಅವನ ಹೆಸರು ಗಾರ್ತ್. ಅವನಿದ್ದ ಊರಿನಲ್ಲೇ ಇದ್ದ ತಂಗಿ ಸಿಮೋನ್ ಜೊತೆ ವೆರ್ನಾ ಒಂದು ಆ್ಯಪ್‌ನಲ್ಲಷ್ಟೇ ಮಾತಾಡುತ್ತಿದ್ದರು. ಅದಕ್ಕೆ ಹೆಸರು ಬೇಡ, ಫೋನ್ ನಂಬರ್ ಬೇಡ. ಬರೆದದ್ದನ್ನು ನಾವೂ ಓದಲಾರೆವು ಎಂದು ಕಂಪನಿಯವರೇ ಹೇಳಿಕೊಂಡಿದ್ದರು. ತಾವಿರುವ ಊರು ಯಾವುದೆಂದು ವೆರ್ನಾ ತಂಗಿಗೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಆ ಕಂಪನಿಯಿಂದ ಸಂದೇಶ ಬಂತು. ಗುಟ್ಟು ಕಾಯುವ ಇನ್ನೊಂದು ಕಂಪನಿಯ ಜೊತೆ ತಾವು ಒಂದಾಗಿದ್ದೇವೆ, ನಿಮಗೇನೂ ಬದಲಾಗುವುದಿಲ್ಲ ಎಂದಿತ್ತು. ವೆರ್ನಾ ಸ್ಯಾಂಡ್‌ವಿಚ್ ಕೆಳಗಿಟ್ಟರು. ಬಳಕೆದಾರರು ಬರೆಯುವ ಪುಟ ತೆರೆದು ನೋಡಿದರೆ ಅಲ್ಲಿ ಬೆಂಕಿ ಬಿದ್ದ ಹಾಗಿತ್ತು. ನಮ್ಮನ್ನು ಮಾರಿಬಿಟ್ಟರು ಎಂದು ಒಬ್ಬರು, ಏನೂ ಬದಲಾಗುವುದಿಲ್ಲ ಎಂದಾಗಲೇ ಓಡಬೇಕು ಎಂದು ಇನ್ನೊಬ್ಬರು ಬರೆದಿದ್ದರು. ಸ್ವಲ್ಪ ತಾಳಿ, ಷರತ್ತುಗಳನ್ನಾದರೂ ಓದಿ ಎಂದವರನ್ನು ಕಂಪನಿಯ ಬಾಲ ಎಂದು ಬೈದಿದ್ದರು. ಹೊಸ ಕಂಪನಿ ಎಲ್ಲರ ಪರಿಚಯದವರನ್ನು ತಾನೇ ಹುಡುಕಿ ಜೋಡಿಸುತ್ತದಂತೆ ಎಂದು ಯಾರೋ ಸೇರಿಸಿದ್ದರು. ಅದು ನಿಜವೇ ಎಂದು ಯಾರೂ ಕೇಳಿರಲಿಲ್ಲ.

ಇಸ್ತ್ರಿ ಮಾಡುವ ಡ್ವೇನ್ ಇಣುಕಿ ನೋಡಿ, "ನೀನು ಬಟಾಣಿ ಸೂಪ್ ಮಾಡೋ ಗುಟ್ಟು ಕದಿಯೋಕೆ ಯಾರು ಬರ್ತಾರೆ ಮಾರಾಯ್ತಿ?" ಎಂದ. ವೆರ್ನಾ ನಗಲಿಲ್ಲ.

"ಆ ಇನ್ನೊಂದು ಕಂಪನಿ ಆ್ಯಪನ್ನೇ ಗಾರ್ತ್ ಬಳಸೋದು," ಎಂದು ನನಗೊಬ್ಬಳಿಗೇ ಕೇಳುವಂತೆ ಹೇಳಿದರು. "ಇನ್ಮೇಲೆ ಅವನೂ ನಾನೂ ಒಂದೇ ಸೂರಿನ ಕೆಳಗೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಖಾತೆಯನ್ನು ಅಳಿಸಿಯಾಗಿತ್ತು.

ಆಮೇಲೆ ಅವರಿಗೆ ತಾವು ಮಾಡಿದ್ದೇನೆಂದು ಹೊಳೆಯಿತು. ಸಿಮೋನಳನ್ನು ತಲುಪುವ ಗುರುತು ಇದ್ದದ್ದು ಆ ಖಾತೆಯೊಳಗೆ ಮಾತ್ರ; ಬೇರೆಲ್ಲೂ ಬರೆದಿಡಬಾರದೆಂದು ಅವರೇ ನಿಯಮ ಮಾಡಿಕೊಂಡಿದ್ದರು. ಕಂಪನಿಗೆ ಬರೆದೆವು. ನಾವು ಏನನ್ನೂ ಇಟ್ಟುಕೊಳ್ಳುವುದಿಲ್ಲ, ಆದ್ದರಿಂದ ಏನನ್ನೂ ಮರಳಿಸಲಾರೆವು ಎಂದು ಸಭ್ಯವಾದ ಉತ್ತರ ಬಂತು.

"ಟೆಸ್," ಎಂದು ವೆರ್ನಾ ನನ್ನ ಕಡೆ ತಿರುಗಿದರು. "ಎರಡು ದಿನ ನಾನು ಸುಮ್ಮನಿದ್ರೆ, ಅವನೇ ನನ್ನ ಕೊಂದ ಅಂದ್ಕೊಂಡು ನೇರ ಅವನ ಮನೆಗೇ ಹೋಗ್ತಾಳೆ ಸಿಮೋನ್. ಅವಳು ಹಾಗೇನೇ."

ಅವರಿಗೆ ಬಾಯಿಪಾಠ ಇದ್ದದ್ದು ತಂಗಿಯ ಮನೆಯ ಫೋನ್ ನಂಬರ್ ಒಂದೇ. ವೆರ್ನಾ ಅವರ ಸುಳಿವಿಗಾಗಿ ಗಾರ್ತ್ ಆಗಾಗ ಬಂದು ಅಲ್ಲೇ ಕೂರುತ್ತಿದ್ದನಂತೆ. ಅದಕ್ಕೇ ಅವರು ಇಷ್ಟು ವರ್ಷ ಅಲ್ಲಿಗೆ ಕರೆ ಮಾಡಿರಲಿಲ್ಲ. ನಾನು ಮಾಡುತ್ತೇನೆ, ನನ್ನ ದನಿ ಅವನಿಗೆ ಗೊತ್ತಿಲ್ಲ ಎಂದೆ. ಯಂತ್ರಗಳ ಸದ್ದು ಕೇಳದ ಹಿಂಬಾಗಿಲಿಗೆ ಹೋಗಿ, ನನ್ನ ನಂಬರ್ ಕಾಣದಂತೆ ಮಾಡಿ, ಎರಡು ಸಲ ಸರಿನೋಡಿಕೊಂಡು ಒತ್ತಿದೆ.

ಗಂಡಸಿನ ದನಿ ಬಂತು. ಸಿಮೋನ್ ಇದ್ದಾರಾ, ಗ್ರಂಥಾಲಯದಿಂದ ಮಾತಾಡ್ತಿದ್ದೀನಿ ಎಂದೆ.

"ನಂಬರ್ ಮುಚ್ಚಿಟ್ಟು ಈ ಮನೆಗೆ ಫೋನ್ ಮಾಡೋರು ಯಾರೂ ಇಲ್ಲ, ಮಗೂ," ಎಂದ, ತೀರಾ ಮೃದುವಾಗಿ. "ಒಡೀಲ್ ಪಕ್ಕದಲ್ಲೇ ಇದಾಳಾ? ಊಟ ಆಯ್ತಾ ಅಂತ ಕೇಳು. ಸಿಮೋನ್ ಇಲ್ಲೇ ನನ್ನ ಎದುರಿಗೇ ಕೂತಿದಾಳೆ ಅಂತಾನೂ ಹೇಳು."

ನಾನು ಕರೆ ಕತ್ತರಿಸಿದೆ. ಒಡೀಲ್ ಎಂಬ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಅವನು ಹೇಳಿದ್ದನ್ನು ಒಂದಕ್ಷರ ಬಿಡದೆ ವೆರ್ನಾಗೆ ಹೇಳಿದೆ.

ಅವರು ನನ್ನ ಕೈಯಿಂದ ಫೋನ್ ತೆಗೆದುಕೊಂಡು ತಮ್ಮ ಹಳೆಯ ಊರಿನ ಪೊಲೀಸರಿಗೆ ಕರೆ ಮಾಡಿದರು. ತಂಗಿಯ ವಿಳಾಸ ಕೊಟ್ಟು, ಈಗಲೇ ಹೋಗಿ ಎಂದರು. ಯಾರು ಮಾತಾಡ್ತಿರೋದು, ಎಲ್ಲಿಂದ ಎಂದು ಆ ಕಡೆಯವರು ಕೇಳಿರಬೇಕು. ವೆರ್ನಾ ಗೋಡೆಗೆ ಒರಗಿ ಕಣ್ಣು ಮುಚ್ಚಿದರು.

"ಒಡೀಲ್ ಪೆಲ್ಟಿಯೇ," ಎಂದು ತಮ್ಮ ನಿಜವಾದ ಹೆಸರು ಹೇಳಿದರು. ಆಮೇಲೆ ತಾವೀಗ ಇರುವ ಊರಿನ ಹೆಸರು, ಬೀದಿಯ ಹೆಸರು, ಮನೆ ನಂಬರ್ ಎಲ್ಲವನ್ನೂ ನಿಧಾನವಾಗಿ, ಬರೆದುಕೊಳ್ಳುವವರಿಗೆ ತಪ್ಪದಂತೆ ಹೇಳಿದರು.