ವಾಪಸಣ್ಣನ ವ್ಯಾನು

ಯಜಮಾನರ ಭಾಷಣ ‘ಕೊಡುವ ಕೈ ಕಾಣಬಾರದು’ ಎಂಬಲ್ಲಿಗೆ ಬಂದಾಗ ಶವವಾಹನದ ಒಳಗಿನಿಂದ ಯಾರೋ ಬಾಗಿಲು ಬಡಿದರು.

ವ್ಯಾನು ಹೊಸದು, ಅಂದೇ ಉದ್ಘಾಟನೆ. ಅದರಲ್ಲಿ ಇನ್ನೂ ಯಾರೂ ಪ್ರಯಾಣ ಮಾಡಿರಲಿಲ್ಲ. ಹೀಗಾಗಿ ಮುಂದಿನ ಸಾಲಿನ ಗಣ್ಯರು ಭಾಷಣಕ್ಕೆ ಅಡ್ಡಿಯಾಗದಂತೆ ಒಬ್ಬೊಬ್ಬರಾಗಿ ಹಿಂದಿನ ಸಾಲಿಗೆ ಹೋಗಿ ಕೂತರು. ಆದದ್ದು ಇಷ್ಟೇ. ಚಾಲಕ ಹಿಂದೆ ಹತ್ತಿ ಬಿಳಿ ಹಾಸು ಸರಿಮಾಡುತ್ತಿದ್ದ. ಫೋಟೋದವನಿಗೆ ಬಾಗಿಲ ಮೇಲಿನ ಕಂಪನಿಯ ಹೆಸರು ಪೂರ್ತಿ ಬೇಕಾಗಿತ್ತು, ಬಾಗಿಲು ತಳ್ಳಿಬಿಟ್ಟ. ಅದು ಮುಚ್ಚಿದರೆ ತಾನಾಗಿಯೇ ಬೀಗ ಬೀಳುವ ಬಾಗಿಲು. ಕೀಲಿ ಒಳಗಿದ್ದವನ ಜೇಬಿನಲ್ಲಿ. ಒಳಗಡೆ ಹಿಡಿಯೂ ಇಲ್ಲ, ಕೀಲಿಕಂಡಿಯೂ ಇಲ್ಲ. ಒಳಗಿನಿಂದ ಇಳಿಯುವ ಗಿರಾಕಿಯೂ ಬರಬಹುದೆಂದು ವ್ಯಾನು ಕಟ್ಟಿದವರಿಗೆ ಹೊಳೆದಿರಲಿಲ್ಲ.

ಎಲ್ಲರೂ ಹಿಡಿಕೆ ಎಳೆದು ಸೋತ ಮೇಲೆ ಚಾಲಕನ ತಮ್ಮ ಬಂದ. ಕಾರ್ಖಾನೆಯ ಗರಗಸದಲ್ಲಿ ಕಲ್ಲು ಕೊಯ್ಯುವವನು. ಹುಬ್ಬು ರೆಪ್ಪೆಗಳ ಮೇಲೆಲ್ಲ ಬಿಳಿ ಧೂಳು. ಜೇಬಿನಿಂದ ಉಕ್ಕಿನ ಅಳತೆಪಟ್ಟಿ ತೆಗೆದು ಬಾಗಿಲ ಸಂದಿಗೆ ತೂರಿಸಿ, ಏನೋ ಕೈಚಳಕ ಮಾಡಿ ಮೇಲಕ್ಕೆತ್ತಿದ. ಬಾಗಿಲು ತೆರೆಯಿತು. ಅಣ್ಣ ಬೆವರು ಸುರಿಸುತ್ತಾ ಕೂತಿದ್ದ.

“ಇಳಿ ಅಣ್ಣಾ, ನಿನ್ನ ಸ್ಟಾಪು ಇನ್ನೂ ಬಂದಿಲ್ಲ.”

ಅಂದಿನಿಂದ ಚಾಲಕನ ಹೆಸರು ವಾಪಸಣ್ಣ. ಆ ವ್ಯಾನು ಹತ್ತಿ ವಾಪಸು ಬಂದವನು ಅವನೊಬ್ಬನೇ ತಾನೇ. ಒಳಗೊಂದು ಹಿಡಿ ಹಾಕಿಸಬೇಕೆಂದು ಎಲ್ಲರೂ ಒಪ್ಪಿದರು. ಪ್ರಯಾಣಿಕರಿಂದ ದೂರು ಬರಲಿಲ್ಲವಾಗಿ ವಿಷಯ ಅಲ್ಲಿಗೇ ನಿಂತಿತು.

ನಮ್ಮದು ಅಡುಗೆಮನೆಯ ಕಟ್ಟೆಗಳಿಗೆ ಹಾಸುವ ಕಲ್ಲು ಕೊಯ್ದು ಹೊಳಪು ಕೊಡುವ ಕಂಪನಿ. ಅದರ ಪತ್ರಿಕೆ ಹೊರಡಿಸುವುದು ನನ್ನ ಹೊಟ್ಟೆಪಾಡು. ಯಜಮಾನರನ್ನು ಕೆಟ್ಟವರೆಂದು ಬರೆದರೆ ನನ್ನ ಬಾಯಿಗೆ ಹುಳ ಬೀಳಬೇಕು. ಐದು ಹೊತ್ತಿನ ನಮಾಜು ತಪ್ಪಿಸಿದವರಲ್ಲ, ಬಡ್ಡಿ ಮುಟ್ಟಿದವರಲ್ಲ. “ನನ್ನ ದುಡ್ಡಲ್ಲಿ ಬಡವರ ಪಾಲಿದೆಯಲ್ಲ, ಅದು ಅವರ ಹಕ್ಕು. ನಾನು ಬರೀ ತಲುಪಿಸೋನು” ಎನ್ನುತ್ತಿದ್ದರು, ನಂಬಿಯೇ ಎನ್ನುತ್ತಿದ್ದರು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ನನ್ನ ಕಾನ್ವೆಂಟಿನ ಸಿಸ್ಟರುಗಳು ಬೆತ್ತ ಹಿಡಿದು ಕಲಿಸಿದ್ದರು. ಅದೇ ಮಾತನ್ನು ಇಲ್ಲಿನ ಇಮಾಮರ ಬಾಯಲ್ಲೂ ಕೇಳಿ ನನಗೆ ನೆಂಟರು ಸಿಕ್ಕಷ್ಟು ಖುಷಿಯಾಗಿತ್ತು. ಕಂಪನಿಯಲ್ಲೂ ಎಡಗೈಗೆ ತಿಳಿಯುತ್ತಿರಲಿಲ್ಲ. ಫೋಟೋದವನಿಗೆ ಮಾತ್ರ ಮೊದಲೇ ತಿಳಿಸಿರುತ್ತಿದ್ದರು.

ಸ್ಮಶಾನ ಹೆದ್ದಾರಿಯ ಆಚೆಗೆ. ಹೆಗಲ ಮೇಲೆ ಹೊರುವುದು ಕಷ್ಟವಾಗುತ್ತಿದೆ ಎಂದು ಕಾರ್ಮಿಕರ ಕೇರಿಯವರು ಕೇಳಿಕೊಂಡಾಗ ಯಜಮಾನರು ತಕ್ಷಣ ವ್ಯಾನು ಕೊಡಿಸಿದರು. ಯಾಕೆ ಕಷ್ಟ ಎಂದು ಕೇಳಲಿಲ್ಲ. ಸಮಾಜದ ಬಗ್ಗೆ ನಮ್ಮ ಕಂಪನಿಯ ಹೊಣೆ ಹೀಗೆ ಹೆಣದಿಂದ ಶುರುವಾಯಿತು. ವ್ಯಾನಿನ ಪಕ್ಕಕ್ಕೆ ‘ಕೊನೆಯವರೆಗೂ ನಿಮ್ಮೊಂದಿಗೆ’ ಎಂಬ ನಮ್ಮ ಘೋಷವಾಕ್ಯವನ್ನು ಬರೆಸಿದರು. ಅದು ಕಲ್ಲಿನ ಬಾಳಿಕೆಗೆ ಬರೆದದ್ದು, ಬರೆದವನು ನಾನೇ.

ಚಳಿಗಾಲ ಬರುವ ಹೊತ್ತಿಗೆ ವಾಪಸಣ್ಣನ ತಮ್ಮನ ಕೆಮ್ಮು ಅವನಿಗಿಂತ ಮೊದಲು ಮನೆಗೆ ತಲುಪತೊಡಗಿತ್ತು. ಗಲ್ಲಿಯ ತುದಿಯಲ್ಲಿ ಕೆಮ್ಮು ಕೇಳಿದರೆ ಅವನ ಹೆಂಡತಿ ಒಲೆ ಹಚ್ಚುತ್ತಿದ್ದಳು. ಆಮೇಲಾಮೇಲೆ ಒಲೆಯ ಮೇಲಿಟ್ಟ ನೀರು ಕುದಿದು ಬತ್ತಿದರೂ ಅವನು ಬಾಗಿಲಿಗೆ ಬಂದಿರುತ್ತಿರಲಿಲ್ಲ. ಪಕ್ಕದ ಮನೆಯ ಮೆಟ್ಟಿಲಲ್ಲಿ ಕೂತು ಉಸಿರು ಕೂಡಿಸಿಕೊಳ್ಳುತ್ತಿದ್ದ.

ಗರಗಸದ ಮೇಲೆ ನೀರು ಬೀಳುತ್ತಿದ್ದರೆ ಕಲ್ಲಿನ ಧೂಳು ಕೆಸರಾಗಿ ಕೆಳಗಿಳಿಯುತ್ತದೆ. ಇಲ್ಲವಾದರೆ ಎದೆಗಿಳಿಯುತ್ತದೆ. ನಮ್ಮಲ್ಲಿ ನೀರಿನ ಕೊಳವೆಗಳು ಕೆಟ್ಟು ಎಷ್ಟೋ ಕಾಲವಾಗಿತ್ತು. ವಾಪಸಣ್ಣ ಯಜಮಾನರ ಕೋಣೆಗೆ ಹೋದ. ಯಾವುದೋ ಮದುವೆಯ ವಿಷಯಕ್ಕೆ ಬಂದಿದ್ದ ಇಮಾಮರೂ ಅಲ್ಲಿದ್ದರು. ಪತ್ರಿಕೆಯ ಕರಡು ಹಿಡಿದು ನಾನೂ ಇದ್ದೆ.

“ಯಜಮಾನ್ರೇ, ಗರಗಸಕ್ಕೆ ನೀರು ಬಿಡಿಸಿ. ತಮ್ಮ ಉಳೀಬೇಕು.”

“ಅವನನ್ನ ದೊಡ್ಡ ಡಾಕ್ಟ್ರಿಗೆ ತೋರಿಸಪ್ಪ. ಖರ್ಚು ನಂದು.”

“ತೋರಿಸ್ದೆ. ಅವರೂ ನೀರು ಬಿಡ್ಸಿ ಅಂದ್ರು.”

ಯಜಮಾನರು ಕನ್ನಡಕ ತೆಗೆದು ಒರೆಸಿದರು. “ಪೈಪು ಅಂದ್ರೆ ಕೆಲಸ ನಿಲ್ಲಿಸ್ಬೇಕಪ್ಪ. ಅದು ವ್ಯಾಪಾರದ ಮಾತು, ಮುಂದಿನ ವರ್ಷ ನೋಡೋಣ. ದಾನದ್ದೇನಾದ್ರೂ ಇದ್ರೆ ಕೇಳು, ಈಗಲೇ ಮಾಡ್ತೀನಿ.”

ಇಮಾಮರು ಚಹಾದ ಲೋಟ ಕೆಳಗಿಟ್ಟರು. “ಕೂಲಿಯವನ ಬೆವರು ಆರೋ ಮೊದಲು ಕೂಲಿ ಕೊಡಿ ಅಂದ್ರು ಪ್ರವಾದಿಗಳು. ನೀವು ಕೊಡ್ತೀರಿ, ಇಲ್ಲ ಅನ್ನಲ್ಲ. ಆದ್ರೆ ಯಜಮಾನ್ರೇ, ಅವನು ಬೆಳಗ್ಗೆ ಬರೋವಾಗ ಕೂಲಿ ಇಲ್ಲದಿದ್ರೂ ಉಸಿರು ತರ್ತಾನಲ್ಲ? ಅದು ನಿಮ್ಮ ಕೈಯಲ್ಲಿ ನಂಬಿ ಇಟ್ಟ ಅಮಾನತ್ತು. ಸಂಜೆ ಹಾಗೇ ವಾಪಸು ಕೊಡ್ಬೇಕು. ಅದನ್ನ ಕೊಟ್ಟ ಮೇಲೆ ದಾನದ ಮಾತು.”

“ನೋಡೋಣ ಅಂದ್ನಲ್ಲ,” ಎಂದರು ಯಜಮಾನರು. ಬೇಸರವಿರಲಿಲ್ಲ ಆ ದನಿಯಲ್ಲಿ. ನೋಡುವ ಉದ್ದೇಶವೂ ಇತ್ತು. ದಾನಕ್ಕೆ ಆತುರ, ಪೈಪಿಗೆ ನಿಧಾನ, ಅಷ್ಟೇ.

ತಮ್ಮ ಅಷ್ಟು ನಿಧಾನಿಸಲಿಲ್ಲ. ಒಂದು ಶುಕ್ರವಾರದ ನಸುಕಿನಲ್ಲಿ, ದಿಂಬಿಗೆ ಒರಗಿ ಕೂತಲ್ಲೇ ಹೋಗಿಬಿಟ್ಟ. ಮಲಗಿ ಉಸಿರಾಡುವುದು ಎಂದೋ ನಿಂತಿತ್ತು.

ಮೀಯಿಸಿ, ಬಿಳಿ ಬಟ್ಟೆ ಸುತ್ತಿ, ಚಟ್ಟ ಬಾಗಿಲಿಗೆ ತಂದರು. ಯಜಮಾನರು ಬಂದಿದ್ದರು. ಕೇರಿಯೆಲ್ಲ ಬಂದಿತ್ತು, ಅಂದರೆ ಗರಗಸದವರು, ಹೊಳಪಿನವರು, ಕಲ್ಲು ಇಳಿಸುವವರು. ವ್ಯಾನು ಗೋಡೆಗೆ ಒತ್ತಿ ನಿಂತಿತ್ತು. ವಾಪಸಣ್ಣ ಅದಕ್ಕೆ ಬೆನ್ನು ಕೊಟ್ಟು, ನೆಲ ನೋಡುತ್ತಾ ನಿಂತಿದ್ದ.

“ವ್ಯಾನು ತೆಗೀರಿ, ಹೊತ್ತಾಯ್ತು,” ಎಂದರು ಯಾರೋ.

“ವ್ಯಾನು ಬರಲ್ಲ.”

“ಯಾಕೆ?”

“ಬರಲ್ಲ ಅಂದ್ನಲ್ಲ. ನನ್ನ ತಮ್ಮನ್ನ ಹೊತ್ಕೊಂಡು ಹೋಗೋಣ.”

ಯಜಮಾನರ ಮುಖ ಕೆಂಪಾಯಿತು. ತಾವು ಕೊಟ್ಟ ವ್ಯಾನನ್ನು ತಮ್ಮೆದುರಿಗೇ ತಿರಸ್ಕರಿಸಿದ್ದು ಯಾರಿಗೆ ತಿಳಿಯುವುದಿಲ್ಲ? ಆದರೆ ಅವರು ದೊಡ್ಡವರು. ಟೋಪಿ ಸರಿಮಾಡಿಕೊಂಡು, ಚಟ್ಟದ ಮುಂದಿನ ಬಲ ಮೂಲೆಗೆ ಹೆಗಲು ಕೊಟ್ಟರು. ಹೆಗಲು ಕೊಡುವುದು ಪುಣ್ಯ. ಕೆಲವು ಹೆಜ್ಜೆ ಹೊತ್ತು, ಪಕ್ಕದವನಿಗೆ ಬಿಟ್ಟು, ಅವನು ಇನ್ನೊಬ್ಬನಿಗೆ ಬಿಟ್ಟು, ಹೀಗೆ ಹೆಗಲಿಂದ ಹೆಗಲಿಗೆ ಹರಿಯುತ್ತಾ ಹೋಗುವುದು ಕ್ರಮ. ಮುಂದಿನ ಎಡ ಮೂಲೆ ವಾಪಸಣ್ಣನದು. ಅವನು ಅದನ್ನು ಯಾರಿಗೂ ಬಿಡಲಿಲ್ಲ.

ಗಲ್ಲಿ ದಾಟುವವರೆಗೆ ಕ್ರಮ ನಡೆಯಿತು. ಕಾರ್ಖಾನೆಯ ಗೋಡೆ ಶುರುವಾದಲ್ಲಿ ಹಿಂದಿನ ಇಬ್ಬರು ಬದಲಾದರು, ಕೂಡಲೇ ಮತ್ತಿಬ್ಬರು, ಮತ್ತಿಬ್ಬರು. ಬಿಟ್ಟವರು ಗೋಡೆಗೆ ಕೈ ಊರಿ ಬಗ್ಗಿ ಕೆಮ್ಮತೊಡಗಿದರು. ನಾನು ಹಿಂದಿನ ಮೂಲೆಗೆ ಹೋದೆ. ಯಜಮಾನರು ಹೆಗಲು ಬದಲಿಸಲು ಪಕ್ಕಕ್ಕೆ ನೋಡಿದರು. ಯಾರೂ ಇರಲಿಲ್ಲ.

“ಯಾರಾದ್ರೂ ಬನ್ನಿ,” ಎಂದರು.

ಹೊಳಪಿನವನೊಬ್ಬ ಗೋಡೆಯ ಬುಡದಲ್ಲಿ ಕೂತಿದ್ದ. ವಯಸ್ಸು ಯಜಮಾನರ ಕಿರಿಮಗನದು. “ಒಂಚೂರು ತಡೀರಿ ಯಜಮಾನ್ರೇ,” ಎಂದ. “ಉಸಿರು ಬಂದ ಮೇಲೆ ಬರ್ತೀನಿ.”

ಅವರು ತಡೆದರು. ಅವನ ಉಸಿರು ಬರಲಿಲ್ಲ. ಉದ್ದಕ್ಕೂ ಗೋಡೆ, ಗೋಡೆಯುದ್ದಕ್ಕೂ ಕೂತ ಜನ, ಎಲ್ಲರೂ ಅವರದೇ ಸಂಬಳದವರು. ಒಬ್ಬರ ಮುಖವೂ ಸಿಟ್ಟಿನದಲ್ಲ. ಏಳಲಾಗದ ನಾಚಿಕೆ ಮಾತ್ರ. ಹೊರಲು ಯಾಕೆ ಕಷ್ಟವೆಂದು ಅಂದು ಕೇಳದೆ ಬಿಟ್ಟದ್ದಕ್ಕೆ ಯಜಮಾನರಿಗೆ ಈಗ ಉತ್ತರ ಸಿಗುತ್ತಿತ್ತು. ಹೆದ್ದಾರಿ ದಾಟಿ ಸ್ಮಶಾನದವರೆಗೂ ಆ ಮೂಲೆಯನ್ನು ಅವರೇ ಹೊತ್ತರು. ಮಣ್ಣು ಹಾಕುವಾಗ ಮಕ್ಕಳಂತೆ ಅತ್ತರು.

ಮರುವಾರವೇ ಕೆಲಸ ನಿಲ್ಲಿಸಿ ಪೈಪು ಹಾಕಿಸಿದರು. ಫೋಟೋದವನನ್ನು ಕರೆಯಲಿಲ್ಲ. ವಾಪಸಣ್ಣ ಒಮ್ಮೆ ಬಂದು, ತಮ್ಮ ನಿಲ್ಲುತ್ತಿದ್ದ ಗರಗಸದ ಮೇಲೆ ನೀರು ಬೀಳುವುದನ್ನು ನೋಡಿದ. ಕೈ ಒಡ್ಡಿದ. ಅಂಗೈ ತುಂಬಿ ಹರಿಯಿತು. ಒರೆಸಿಕೊಳ್ಳದೆ ಹೊರಟುಹೋದ.

ಕೇರಿಯಲ್ಲಿ ಅವನೀಗ ದೊಡ್ಡ ಮನುಷ್ಯ. ಒಂದು ವ್ಯಾನು ನಿಲ್ಲಿಸಿ ಯಜಮಾನರನ್ನು ನಡೆಸಿದವನು ಎನ್ನುತ್ತಾರೆ. ನನಗೂ ಹಾಗೇ ಅನ್ನಿಸಿತ್ತು. ಪತ್ರಿಕೆಯಲ್ಲಿ ಹಾಕುವಂಥದ್ದಲ್ಲದಿದ್ದರೂ ಕೇಳದೆ ಇರಲಾಗಲಿಲ್ಲ. ವ್ಯಾನಿನ ನೆರಳಲ್ಲಿ ಅವನ ಪಕ್ಕ ಕೂತು ಕೇಳಿದೆ.

“ಅವತ್ತು ವ್ಯಾನು ಬರಲ್ಲ ಅಂದ್ಯಲ್ಲ, ಯಜಮಾನ್ರಿಗೆ ಗೊತ್ತಾಗ್ಲಿ ಅಂತ ತಾನೇ?”

ಅವನು ವ್ಯಾನಿನ ಹಿಂಬಾಗಿಲ ಕಡೆ ನೋಡಿದ.

“ಇಲ್ಲ ಸ್ವಾಮಿ. ತಮ್ಮನಿಗೆ ಅಂತ ಹಾಸು ಹಾಕೋವಾಗ ಕೀಲಿ ಒಳಗೇ ಬಿಟ್ಟು ಬಾಗಿಲು ತಳ್ಬಿಟ್ಟಿದ್ದೆ. ತೆಗೆಯೋಕೆ ಗೊತ್ತಿದ್ದವನು ಅವನೊಬ್ನೇ.”