ದೇವರ ಅಂಗಿ

ನಮ್ಮ ಕಟ್ಟಡದ ಲಿಫ್ಟಿನಲ್ಲಿ ಪೂರ್ವಾಳನ್ನು ಕಂಡು ಔಷಧ ಹೇಳದೆ ಇಳಿದುಹೋದವರನ್ನು ನಾನು ನೋಡಿಲ್ಲ. ನಾಲ್ಕು ವರ್ಷದ ಹುಡುಗಿ. ಮೊಣಕೈ ಮಡಚುವಲ್ಲಿ, ಮೊಣಕಾಲಿನ ಹಿಂದೆ, ಕುತ್ತಿಗೆಯ ಸುತ್ತ, ಬಲಗೆನ್ನೆಯ ಮೇಲೆ ಚರ್ಮ ಕೆಂಪಾಗಿ ಒಡೆದಿರುತ್ತಿತ್ತು. ಒಬ್ಬರು ಬೇವಿನೆಲೆ ಅರೆದು ಹಚ್ಚಿ ಅನ್ನುವರು, ಇನ್ನೊಬ್ಬರು ಬದನೆಕಾಯಿ ತಿನ್ನುವುದನ್ನು ಬಿಡಿಸಿ ಅನ್ನುವರು. ಕೆಳಮಹಡಿಯ ಭುಜಂಗ ಕಾಕಾ ತಾಮ್ರದ ಚೊಂಬಿನ ನೀರೊಂದೇ ಇದಕ್ಕೆ ಮದ್ದು ಎಂದು ಮರಾಠಿಯಲ್ಲಿ ಖಡಾಖಂಡಿತವಾಗಿ ಹೇಳುವರು. ಹೇಳಿಯಾದ ಮೇಲೆ ತಮ್ಮ ಮಕ್ಕಳ ಕೈ ಹಿಡಿದು ಮೆಲ್ಲಗೆ ತಮ್ಮತ್ತ ಎಳೆದುಕೊಳ್ಳುವರು. ಅದನ್ನು ನೋಡಿದಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಸಬು ಅಂಟುರೋಗವಲ್ಲ ಎಂದು ಲಿಫ್ಟಿನ ಬಾಗಿಲಿಗೆ ಕಾಲು ಅಡ್ಡಕೊಟ್ಟು ಪಾಠ ಮಾಡಿದ್ದೂ ಉಂಟು. ಆಯುಷ್ಯವೆಲ್ಲ ಶಾಲೆಯಲ್ಲಿ ಕಲಿಸಿದ ಬಾಯಿ ಇದು, ನಿವೃತ್ತಿ ಅದಕ್ಕೆ ಗೊತ್ತಿಲ್ಲ.

ಪೂರ್ವಾ ನನ್ನ ಎದುರುಮನೆಯ ರಂಗೂಬಾಯಿಯ ಮೊಮ್ಮಗಳು. ರಂಗೂಬಾಯಿ ಧಾರವಾಡದವರು, ನಾನು ಗದಗಿನವಳು. ಪುಣೆಯ ವಾಕಡದ ಈ ಎತ್ತರದ ಕಟ್ಟಡದಲ್ಲಿ ಕನ್ನಡ ಮಾತಾಡುವ ಮುದುಕಿಯರು ನಾವಿಬ್ಬರೇ. ಅವರ ಮಗ ರಾಜೀವ, ಸೊಸೆ ಸುರಭಿ ಇಬ್ಬರಿಗೂ ಹಿಂಜವಾಡಿಯ ಐಟಿ ಕಂಪನಿಯಲ್ಲಿ ಕೆಲಸ. ಸುರಭಿಯ ಹೆರಿಗೆ ರಜೆ ಮುಗಿದಾಗ ಕೂಸನ್ನು ನೋಡಿಕೊಳ್ಳಲು ಬಂದ ರಂಗೂಬಾಯಿ ಮತ್ತೆ ಹಿಂದಿರುಗಲಿಲ್ಲ. ಬೆಳಗ್ಗೆ ಕಂಪನಿಯ ಕ್ಯಾಬು ಗಂಡಹೆಂಡತಿಯನ್ನು ಒಯ್ದರೆ ಸಂಜೆಯವರೆಗೆ ಹುಡುಗಿಗೆ ಅಜ್ಜಿ, ಅಜ್ಜಿಗೆ ಹುಡುಗಿ. ರಂಗೂಬಾಯಿಯದು ಕಡ್ಡಿಯಂಥ ಮೈ, ಚುರುಕು ನಾಲಿಗೆ. ನನ್ನ ಉಳ್ಳಾಗಡ್ಡಿ ಒಗ್ಗರಣೆಯ ಮೇಲೆ ಅವರದೊಂದು ಖಾಯಂ ತಕರಾರು.

"ರುದ್ರವ್ವಾರ, ನೀವು ಬಾಗಲಾ ತೆರದ್ರ ನಮ್ಮ ದೇವರಿಗೆ ಬಾಯಾಗ ನೀರು ಬರ್ತಾವ್ರಿ."

ಅವರ ಮಡಿ ದೊಡ್ಡ ಮಡಿ. ನಾವು ಲಿಂಗಾಯತರು, ದೇವರನ್ನು ಕೊರಳಲ್ಲಿ ಕಟ್ಟಿಕೊಂಡೇ ತಿರುಗುವವರು. ಆ ಕಾಯಿದೆಗಳೆಲ್ಲ ನನಗೆ ಅವರನ್ನು ನೋಡಿಯೇ ತಿಳಿದದ್ದು. ಸ್ನಾನವಾದ ಮೇಲೆ ಧಾಬಳಿ ಉಡಬೇಕು, ಅಂದರೆ ಮಡಿಯ ಉಣ್ಣೆ ವಸ್ತ್ರ. ಅದನ್ನುಟ್ಟೇ ಪೂಜೆ, ಅಡುಗೆ, ನೈವೇದ್ಯ. ಅಷ್ಟು ಹೊತ್ತೂ ಹತ್ತಿಬಟ್ಟೆ ತೊಟ್ಟ ಯಾರೂ ಅವರನ್ನು ಮುಟ್ಟುವಂತಿಲ್ಲ, ಮುಟ್ಟಿದರೆ ಮೈಲಿಗೆ. ಆದರೆ ಉಣ್ಣೆಗೂ ರೇಷ್ಮೆಗೂ ಮೈಲಿಗೆ ತಗಲುವುದಿಲ್ಲವಂತೆ. ಪೂರ್ವಾ ಅಂಬೆಗಾಲಿಡುವಾಗ ಅಜ್ಜಿಯ ಹತ್ತಿರ ಹೋಗಲಾಗದೆ ದೇವರಕೋಣೆಯ ಹೊರಗೆ ಕೂತು ಅತ್ತದ್ದೇ ಅತ್ತದ್ದು. ರಂಗೂಬಾಯಿ ಅದಕ್ಕೊಂದು ದಾರಿ ಹುಡುಕಿದರು. ತಮ್ಮ ಅತ್ತೆಯ ಕಾಲದ ಹಳೆಯ ಧಾಬಳಿಯನ್ನು ಕತ್ತರಿಸಿ, ಕೈಯಿಂದ ಹೊಲಿದು, ಪುಟ್ಟ ಅಂಗಿ ಮಾಡಿದರು. ಹುಡುಗಿ ಬೆಳೆದ ಹಾಗೆ ಇನ್ನೊಂದು. ಅದಕ್ಕೆ ಅವರಿಟ್ಟ ಹೆಸರು ದೇವರ ಅಂಗಿ. ಬೆಳಗ್ಗೆ ಫ್ರಾಕು ಕಳಚಿ ಅದನ್ನು ತೊಡಿಸಿದರೆ ಪೂರ್ವಾ ಅಜ್ಜಿಯ ತೊಡೆಯೇರಿ, ಅವರ ಎದೆಗೆ ಬಲಗೆನ್ನೆ ಒತ್ತಿಕೊಂಡು, ಪೂಜೆ ಮುಗಿಯುವವರೆಗೂ ಕೂತಿರುತ್ತಿದ್ದಳು. ನನ್ನ ಬಾಲ್ಕನಿಯ ದಾಸವಾಳ ಕೊಡಲು ಹೋದಾಗ ಹೊಸ್ತಿಲಾಚೆ ನಿಂತು ದಿನವೂ ನೋಡುತ್ತಿದ್ದೆ. ನೋಡಿದರೆ ಮನಸ್ಸು ತುಂಬುತ್ತಿತ್ತು.

ಚರ್ಮದ ಡಾಕ್ಟರ ಹತ್ತಿರ ಹೋದಾಗ ಒಮ್ಮೆ ರಾಜೀವನಿಗೆ ಪುರಸೊತ್ತಿರಲಿಲ್ಲವೆಂದು ನಾನೂ ಜೊತೆಗಿದ್ದೆ. ಡಾಕ್ಟರು ತಾಳ್ಮೆಯ ಹೆಂಗಸು. ಇದು ಹುಟ್ಟಿನಿಂದ ಬರುವ ಚರ್ಮದ ಸ್ವಭಾವ, ಕಿತ್ತೆಸೆಯಲು ಬರುವುದಿಲ್ಲ, ಹಿಡಿತದಲ್ಲಿ ಇಡಬಹುದು ಎಂದರು. ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಸ್ನಾನ ಮುಗಿಸಿ, ತಿಕ್ಕದೆ ಒತ್ತಿ ಒರೆಸಿ, ಮೈಯಲ್ಲಿ ಇನ್ನೂ ಪಸೆ ಇರುವಾಗಲೇ ಮುಲಾಮು ಹಚ್ಚಬೇಕು. ಉಗುರು ಗಿಡ್ಡ ಇರಬೇಕು. ಕೆರಳಿದಾಗ ಮಾತ್ರ ಆ ಇನ್ನೊಂದು ಟ್ಯೂಬು. ಯಾವುದರಿಂದ ಕೆರಳುತ್ತದೆ ಎಂಬುದನ್ನು ನೀವೇ ಹುಡುಕಬೇಕು ಎಂದೂ ಹೇಳಿದರು. ಮನೆಯಲ್ಲಿ ಮತ್ತೆ ಯಾರಿಗಾದರೂ ಹೀಗೆ ಇದೆಯೇ ಎಂದು ಕೇಳಿದರು. ಇಲ್ಲ ಎಂದಳು ಸುರಭಿ. ಮಗುವಿಗೆ ಉಣ್ಣೆಯ ಬಟ್ಟೆ ಹಾಕುತ್ತೀರಾ ಎಂದು ಕೇಳಿದರು. ಪುಣೆಯ ಈ ಸೆಕೆಯಲ್ಲಿ ಸ್ವೆಟರು ಯಾರು ಹಾಕುತ್ತಾರೆ, ಬರೀ ಹತ್ತಿಯೇ ಎಂದು ಸುರಭಿ ನಕ್ಕಳು. ರಂಗೂಬಾಯಿಯೂ ತಲೆಯಾಡಿಸಿದರು. ಯಾರೂ ಸುಳ್ಳು ಹೇಳಲಿಲ್ಲ. ಉಣ್ಣೆ ಅಂದಾಗ ಅವರ ಕಣ್ಣಿಗೆ ಬಂದದ್ದು ಸ್ವೆಟರು. ನನ್ನ ಕಣ್ಣಿಗೂ ಅದೇ.

ಡಾಕ್ಟರು ಹೇಳಿದ್ದನ್ನೆಲ್ಲ ಸುರಭಿ ಚಾಚೂ ತಪ್ಪದೆ ಮಾಡಿದಳು. ಟ್ಯಾಂಕರಿನ ನೀರಿನ ಮೇಲೆ ಸಂಶಯ ಬಂದು ನಲ್ಲಿಗೆ ಫಿಲ್ಟರು ಕೂತಿತು. ಚಾದರ, ಗೊಂಬೆ, ಪರದೆ ಎಲ್ಲ ಹೊರಗೆ ಹೋದವು. ರಂಗೂಬಾಯಿ ಕೂಡ ಬಿಸಿ ಎಣ್ಣೆ, ಕಡಲೆಹಿಟ್ಟು, ಅರಿಶಿನದ ಸ್ನಾನವನ್ನು ಒಂದೇ ಮಾತಿಗೆ ಬಿಟ್ಟುಬಿಟ್ಟರು. ಅವರು ಅಷ್ಟು ಸುಲಭಕ್ಕೆ ಸೋತದ್ದು ನಾನು ಮೊದಲು ಕಂಡದ್ದೇ ಆಗ. ಏನು ಮಾಡಿದರೂ ತುರಿಕೆ ನಿಲ್ಲಲಿಲ್ಲ. ಹುಡುಗಿ ನಿದ್ದೆಯಲ್ಲೂ ಕೆರೆದುಕೊಳ್ಳುವಳು. ದಿಂಬಿನ ಮೇಲೆ ರಕ್ತದ ಚುಕ್ಕಿ ಕಂಡ ದಿನ ಸುರಭಿ ದಿಂಬಿನ ಗವಸನ್ನು ತಾನೇ ಒಗೆದುಹಾಕಿ ಕ್ಯಾಬು ಹತ್ತುವಳು.

ಆ ಮಳೆಗಾಲದಲ್ಲಿ ಅವಳು ಮಗಳನ್ನು ಕರೆದುಕೊಂಡು ಲೋಣಾವಳಾಕ್ಕೆ ಹೋದಳು. ಅವಳ ಅಣ್ಣ ಅಂಬಾದಾಸ ಅಲ್ಲಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರು. ಅಲ್ಲಿಂದಲೇ ಆಫೀಸಿನ ಕೆಲಸ ಮಾಡುತ್ತೇನೆ, ಮಗುವಿಗೂ ಬದಲಾವಣೆ ಆಗುತ್ತದೆ ಎಂದಳು. ಹೊರಗೆ ಬಿಡದ ಮಳೆ, ಗೋಡೆಗೆಲ್ಲ ಬೂಷ್ಟು, ಒಣಗದ ಹಾಸಿಗೆ. ಅಲ್ಲಿ ಹೆಚ್ಚಾಗಬೇಕಾಗಿದ್ದ ಕಾಯಿಲೆ ಇಳಿಯುತ್ತಾ ಬಂತು. ವಿಡಿಯೋ ಕಾಲಿನಲ್ಲಿ ಪೂರ್ವಾ ಚಿಕ್ಕಿ ಕಡಿಯುತ್ತ ತನ್ನ ನುಣುಪಾದ ಕೈಗಳನ್ನು ತೋರಿಸಿದಾಗ ರಂಗೂಬಾಯಿ ಫೋನು ಹಿಡಿದು ನಮ್ಮ ಮನೆಗೆ ಓಡಿಬಂದರು. ಖುಷಿಗೆ ಅವರ ಮಾತು ತೊದಲುತ್ತಿತ್ತು.

ಪುಣೆಗೆ ಮರಳಿ ವಾರ ತುಂಬುವುದರೊಳಗೆ ಮತ್ತೆ ಕುತ್ತಿಗೆ ಕೆಂಪಾಯಿತು. ಈ ಸಲ ಕೆರೆದ ಗಾಯಕ್ಕೆ ಕೀವು ತುಂಬಿ ಜ್ವರ ಬಂತು. ಮಗು ಎಚ್ಚರ ತಪ್ಪಿದ ಹಾಗೆ ಮಲಗಿತ್ತು. ಡಾಕ್ಟರ ಔಷಧಕ್ಕೆ ಜ್ವರ ಇಳಿದ ಸಂಜೆ ಸುರಭಿ, ನಾನು ಅಲ್ಲೇ ಕೂತಿದ್ದರೂ, ಎದೆಯಲ್ಲಿದ್ದುದನ್ನು ಆಡಿಯೇಬಿಟ್ಟಳು.

"ಅತ್ತಿ, ಲೋಣಾವಳಾದಾಗ ಅದೇ ಮುಲಾಮು, ಅದೇ ಊಟ. ಅಲ್ಲೆ ಇರಲಿಲ್ಲಂದ್ರ ನೀವು ಒಬ್ಬರೇ. ನಮ್ಮ ಹಿಂದ ಕೂಸಿಗೆ ಏನರೆ ಹಚ್ತಿದ್ರ ಹೇಳಿಬಿಡ್ರಿ."

ರಂಗೂಬಾಯಿ ದೇವರ ಮೇಲೆ ಆಣೆಯಿಟ್ಟು ಏನೂ ಹಚ್ಚಿಲ್ಲ ಎಂದರು. ಸುರಭಿ ನಂಬಿದಳೋ ಇಲ್ಲವೋ, ಆದರೆ ನಿರ್ಧಾರ ಆಗಿಹೋಗಿತ್ತು. ಪೂರ್ವಾ ಹಿಂಜವಾಡಿಯ ಆಫೀಸಿನ ಪಕ್ಕದ ಪಾಳಣಾಘರಕ್ಕೆ, ಅಂದರೆ ಮಕ್ಕಳನ್ನು ಹಗಲು ನೋಡಿಕೊಳ್ಳುವಲ್ಲಿಗೆ, ಹೋಗುವುದು, ರಂಗೂಬಾಯಿ ಬೆಳಗಾವಿಗೆ ಮಗಳು ದೀಪಾಲಿಯ ಮನೆಗೆ. ಸ್ವಲ್ಪ ದಿನ ನೋಡೋಣ ಎಂದಳು. ರಾಜೀವ ಅಷ್ಟು ಹೊತ್ತೂ ಫೋನಿನಲ್ಲಿ ಮುಖ ಹುದುಗಿಸಿ ಕೂತಿದ್ದ. ಎದ್ದುಹೋಗಿ ಅವನ ಕಿವಿ ಹಿಂಡಬೇಕೆನಿಸಿತು ನನಗೆ.

ಮರುದಿನ ರಂಗೂಬಾಯಿ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು, "ನಾ ಹೋದ ಮ್ಯಾಲೆ ಕೂಸಿಗೆ ಆರಾಮಾದ್ರ ನಾ ತಿರುಗಿ ಈ ಮನಿಗೆ ಬರೂ ಹಂಗಿಲ್ಲ. ಆರಾಮ ಆಗಲಿಲ್ಲಂದ್ರ ಕೂಸು ಒದ್ದಾಡ್ತದ. ದೇವರ ಮುಂದ ಕೂತು ಏನಂತ ಬೇಡಿಕೊಳ್ಳಲ್ರಿ?"

ಹೊರಡುವ ದಿನ ಬಂತು. ಬಸ್ಸು ಮಧ್ಯಾಹ್ನಕ್ಕಿತ್ತು. ಸುರಭಿ ರಜೆ ಹಾಕಿ ಒಳಕೋಣೆಯಲ್ಲಿ ಅತ್ತೆಯ ಬ್ಯಾಗು ತುಂಬುತ್ತಿದ್ದಳು. ನಾನು ಹೂವು ಹಿಡಿದು ಹೋದಾಗ ಪೂಜೆ ನಡೆದಿತ್ತು. ಜ್ವರ ಬಂದಾಗಿನಿಂದ ಹಾಸಿಗೆ ಬಿಟ್ಟೇಳದ ಪೂರ್ವಾ ಅಂದು ಹಟಮಾಡಿ ದೇವರ ಅಂಗಿ ತೊಡಿಸಿಕೊಂಡು ಅಜ್ಜಿಯ ತೊಡೆಯ ಮೇಲೆ ಕೂತಿದ್ದಳು. ನೋಡನೋಡುತ್ತಿದ್ದಂತೆ ಅವಳ ಕೈ ಕುತ್ತಿಗೆಗೆ ಹೋಯಿತು. ಕೆರೆಯತೊಡಗಿದಳು. ರಂಗೂಬಾಯಿ ಆ ಕೈ ಹಿಡಿದು, ಉಫ್ ಎಂದು ಊದಲೆಂದು ಅಂಗಿಯ ಕೊರಳು ಸರಿಸಿದರು. ಊದಲಿಲ್ಲ. ಹೇಳುತ್ತಿದ್ದ ಸ್ತೋತ್ರ ನಡುವೆಯೇ ನಿಂತಿತು. ಅವರ ಕೈ ತಾನಾಗಿಯೇ ತಮ್ಮ ಕುತ್ತಿಗೆಯ ಹಿಂಭಾಗಕ್ಕೆ ಹೋಯಿತು.

"ರುದ್ರವ್ವಾರ, ಒಳಗ ಬರ್ರಿ."

ಅವರು ಮಡಿಯಲ್ಲಿದ್ದಾಗ ನಾನು ಆ ಹೊಸ್ತಿಲು ದಾಟಿದವಳೇ ಅಲ್ಲ. ಮಡಿ ಎಂದು ನೆನಪಿಸಿದೆ.

"ಇರಲಿ, ಬರ್ರಿ. ನನ್ನ ಕುತ್ತಿಗಿ ಹಿಂದ ಏನದ ನೋಡ್ರಿ. ಮುಟ್ಟಿ ನೋಡ್ರಿ."

ಧಾಬಳಿಯ ಸೆರಗು ಸರಿಸಿ ನೋಡಿದೆ. ಚರ್ಮ ಕಪ್ಪಾಗಿ, ದಪ್ಪಗಟ್ಟಿ, ಹಳೆಯ ಚಪ್ಪಲಿಯ ಹಾಗೆ ಒರಟಾಗಿತ್ತು. ಮೇಲೆ ಹೊಸ ಉಗುರಿನ ಗೀರುಗಳು. ಸೊಂಟದ ಸುತ್ತಲೂ ಹೀಗೇ ಇದೆ ಎಂದರು. ಲಗ್ನವಾಗಿ ಬಂದು ಧಾಬಳಿ ಉಡಲು ಶುರುಮಾಡಿದಾಗಿನಿಂದ ಇದೆ. ಉಷ್ಣ ಎಂದಿದ್ದರಂತೆ ಅತ್ತೆ. ಮಡಿ ಮಾಡುವವರಿಗೆಲ್ಲ ಹೀಗೇ ಇರುತ್ತದೆ ಎಂದುಕೊಂಡು ಇಷ್ಟು ವರ್ಷ ಸೆರಗಿನೊಳಗೆ ಕೆರೆದುಕೊಳ್ಳುತ್ತ ಬಂದ ಹೆಂಗಸು, ಗಂಡನಿಗೂ ತೋರಿಸಿರಲಿಲ್ಲ. ಪೂರ್ವಾಳ ಕುತ್ತಿಗೆಯ ಕೆಂಪು ಗೆರೆಯೂ ಸರಿಯಾಗಿ ಅದೇ ಜಾಗದಲ್ಲಿತ್ತು. ರಂಗೂಬಾಯಿ ಹುಡುಗಿಯ ಮೈಯಿಂದ ಆ ಅಂಗಿಯನ್ನು ತೆಗೆದುಹಾಕಿದರು.

ನಾನು ಅವರ ಕಿವಿಯಲ್ಲಿ ಸುಮ್ಮನಿರಿ ಎಂದೆ. ಧಾಬಳಿಯೂ ಅಂಗಿಯೂ ನಿಮ್ಮ ಜೊತೆ ಬೆಳಗಾವಿಗೆ ಹೋಗುತ್ತವೆ, ಮಗು ಗುಣವಾಗುತ್ತದೆ, ಕೆಲವು ತಿಂಗಳು ಬಿಟ್ಟು ನಾನೇ ಸುರಭಿಗೆ ಹೇಳಿ ಕರೆಸುತ್ತೇನೆ, ಈಗ ಹೇಳಿದರೆ ಅವಳು ನಿಮ್ಮನ್ನು ಜನ್ಮದಲ್ಲಿ ಕ್ಷಮಿಸುವುದಿಲ್ಲ ಎಂದೆ. ರಂಗೂಬಾಯಿ ನನ್ನನ್ನು ಸುಡುವ ಹಾಗೆ ನೋಡಿ ಸೊಸೆಯನ್ನು ಕರೆದರು. ಸುರಭಿ ಬಂದಾಗ ಅಂಗಿಯನ್ನು ಅವಳ ಕೈಗೇ ಇಟ್ಟರು.

"ಡಾಕ್ಟರು ಉಣ್ಣಿ ಅಂತ ಕೇಳಿದ್ರಲ್ಲ. ಇದು ಉಣ್ಣಿ."

ಸುರಭಿ ಆ ಬಟ್ಟೆಯನ್ನು ಬೆರಳುಗಳ ನಡುವೆ ಉಜ್ಜಿದಳು. ಅವಳು ಅತ್ತೆಯ ಕಡೆ ನೋಡಿದ ನೋಟಕ್ಕೆ ನಾನೇ ಒಂದು ಹೆಜ್ಜೆ ಹಿಂದೆ ಸರಿದೆ.

"ಅವರು ಕೇಳಿದಾಗ ಯಾಕ ಹೇಳಲಿಲ್ಲ?"

"ಇದು ಉಣ್ಣಿ ಅಂತ ನನಗ ಅನಸಲೇ ಇಲ್ಲವ್ವಾ. ಇದು ಮಡಿ."

ಸುರಭಿ ಬೆಳೆದದ್ದೂ ಧಾಬಳಿಯ ಮನೆಯಲ್ಲೇ. ರಜೆಯ ದಿನಗಳಲ್ಲಿ ಮಗಳಿಗೆ ಆ ಅಂಗಿ ತೊಡಿಸಿ ಕಳಿಸಿದವಳೂ ಅವಳೇ. ಬಾಗಿಲ ಚೌಕಟ್ಟಿಗೆ ಒರಗಿ ಕುಸಿದು ಕೂತು, ತನಗೂ ಅನಿಸಲಿಲ್ಲ ಎಂದು ಅತ್ತಳು. ಅವಳ ಮೇಲಿದ್ದ ನನ್ನ ಸಿಟ್ಟೆಲ್ಲ ಅಲ್ಲಿಗೆ ಇಳಿಯಿತು. ಆದರೂ ಇರಿ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಮೊದಲು ಡಾಕ್ಟರಿಗೆ ತೋರಿಸೋಣ ಎಂದಳು. ಬಸ್ಸು ರಂಗೂಬಾಯಿಯನ್ನು ಬಿಟ್ಟು ಹೋಯಿತು. ಕಟ್ಟಿದ ಬ್ಯಾಗು ಮಾತ್ರ ಬಿಚ್ಚದೆ ಪಡಸಾಲೆಯ ಮೂಲೆಯಲ್ಲೇ ಕೂತಿತ್ತು.

ಡಾಕ್ಟರು ಅಜ್ಜಿಯ ಕುತ್ತಿಗೆಯನ್ನೂ ನೋಡಿದರು. ಅಜ್ಜಿಗೂ ಮೊಮ್ಮಗಳಿಗೂ ಒಂದೇ ಸ್ವಭಾವದ ಚರ್ಮ ಎಂದು ಇಬ್ಬರಿಗೂ ಮುಲಾಮು ಬರೆದುಕೊಟ್ಟರು. ಉಣ್ಣೆ ದೂರವಿರಲಿ, ಉಳಿದ ಆರೈಕೆ ಬಿಡಬೇಡಿ, ಕಾದು ನೋಡಿ ಎಂದರು. ರೇಷ್ಮೆ ನಡೆದೀತೇ ಎಂದು ರಂಗೂಬಾಯಿ ಆಸೆಯಿಂದ ಕೇಳಿದರು. ಸದ್ಯಕ್ಕೆ ಮೆತ್ತನೆಯ ಹತ್ತಿ ಬಿಟ್ಟು ಏನೂ ಬೇಡ ಎಂಬ ಉತ್ತರ ಬಂತು.

ಧಾಬಳಿ ಗಂಟುಕಟ್ಟಿ ಅಟ್ಟ ಸೇರಿತು. ರಂಗೂಬಾಯಿ ಯಾರೂ ಮುಟ್ಟದ ಹಾಗೆ ಒಣಗಿಸಿದ ಹತ್ತಿ ಸೀರೆಯುಟ್ಟು ಪೂಜೆಗೆ ಕೂರತೊಡಗಿದರು. ಮಡಿಯೇನೋ ಉಳಿಯಿತು. ಹುಡುಗಿಗೆ ಮಾತ್ರ ಒಳಗೆ ಹೋಗುವ ದಾರಿ ಮುಚ್ಚಿತು. ಪೂರ್ವಾ ಹತ್ತಿಯ ಫ್ರಾಕು ತೊಟ್ಟು, ಕೈ ಹಿಂದೆ ಕಟ್ಟಿಕೊಂಡು, ಹೊಸ್ತಿಲಾಚೆ ನನ್ನ ಪಕ್ಕ ನಿಲ್ಲುವಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಎಷ್ಟೋ ಚೆನ್ನಾಗಿತ್ತು. ದಿನವೂ ಸಂಜೆ ಸುರಭಿ ಬೆಳಕಿಗೆ ಹಿಡಿದು ಅವಳ ಕುತ್ತಿಗೆ ನೋಡುವಾಗ ರಂಗೂಬಾಯಿ ಸೊಸೆಯ ಮುಖ ನೋಡುವರು, ಆಮೇಲೆ ಮೂಲೆಯ ಬ್ಯಾಗು ನೋಡುವರು. ಕೆಂಪು ಒಮ್ಮೆಲೇ ಹೋಗಲಿಲ್ಲ. ಒಂದು ದಿನ ಇಳಿಯುವುದು, ಇನ್ನೊಂದು ದಿನ ಮೊಣಕೈಯಲ್ಲಿ ಮತ್ತೆ ಏಳುವುದು.

ಆಮೇಲೊಂದು ಬೆಳಗ್ಗೆ ನಾನು ಹೂವು ಹಿಡಿದು ಹೋದಾಗ ಪಡಸಾಲೆಯ ಮೂಲೆ ಖಾಲಿಯಿತ್ತು. ಸುರಭಿ ಬ್ಯಾಗು ಬಿಚ್ಚಿ ಸೀರೆಗಳನ್ನು ಕಪಾಟಿನಲ್ಲಿಟ್ಟು ಆಫೀಸಿಗೆ ಹೋಗಿದ್ದಳು. ಪೂರ್ವಾ ಹೊಸ್ತಿಲಾಚೆ ನಿಂತಿದ್ದಳು, ಬಲಗೆನ್ನೆ ಎಡಗೆನ್ನೆಯಷ್ಟೇ ನುಣುಪು. ರಂಗೂಬಾಯಿ ಆರತಿಗೆ ಬತ್ತಿ ಹಾಕುತ್ತಿದ್ದವರು ತಿರುಗಿ ಅವಳನ್ನು ನೋಡಿದರು. ಬಾ ಎಂದರು.

"ಬ್ಯಾಡ ಅಜ್ಜಿ. ಹತ್ತಿ ಅಂಗಿ ಹಾಕ್ಕೊಂಡೀನಿ, ಮೈಲಿಗಿ ಆಗ್ತದ."

ಕಲಿಸಿದವರೇ ಅವರು. ರಂಗೂಬಾಯಿ ಬತ್ತಿಯನ್ನು ತಟ್ಟೆಯಲ್ಲಿಟ್ಟು ಎದ್ದರು, ಹೊಸ್ತಿಲು ದಾಟಿ ಬಂದರು, ನೆಲದ ಮೇಲೆ ಕೂತು ಹುಡುಗಿಯನ್ನು ತೊಡೆಗೆಳೆದುಕೊಂಡರು. ಪೂರ್ವಾ ಅಜ್ಜಿಗೆ ಎಲ್ಲಿ ತಾಕುತ್ತದೋ ಎಂದು ಎರಡೂ ಕೈಗಳನ್ನು ಮೇಲೆತ್ತಿ ಹಿಡಿದಿದ್ದಳು. ರಂಗೂಬಾಯಿ ಆ ಕೈಗಳನ್ನು ಒಂದೊಂದಾಗಿ ಇಳಿಸಿ, ಮುಲಾಮು ಹಚ್ಚಿದ ತಮ್ಮ ಕುತ್ತಿಗೆಯ ಹಿಂದೆ ಇಟ್ಟುಕೊಂಡರು. ಆವತ್ತು ಅವರ ದೇವರಿಗೆ ನೈವೇದ್ಯ ತಡವಾಯಿತು.