ಟೀಚರ್ ‘ಇರ್ಲಿ’ ಎಂದ ಕಾರು

ಕಳೆದ ವಾರ ಬಸವೇಶ್ವರನಗರದ ಗ್ಯಾರೇಜೊಂದರ ಮುಂದೆ ನಡೆದುಹೋಗುತ್ತಿದ್ದಾಗ, ಯಾವುದೋ ಹಳೆಯ ಕಾರಿನಿಂದ ಕಳಚಿ ಬಿಸಿಲಿಗೆ ಒರಗಿಸಿದ್ದ ಸೀಟು ಕಣ್ಣಿಗೆ ಬಿತ್ತು. ಕಾದ ರೆಕ್ಸಿನ್, ಅದರ ಸೀಳಿನಿಂದ ಇಣುಕುತ್ತಿದ್ದ ತೆಂಗಿನ ನಾರು, ಎರಡಕ್ಕೂ ಅಂಟಿಕೊಂಡ ಪೆಟ್ರೋಲಿನ ವಾಸನೆ... ಹೆಜ್ಜೆ ತಾನಾಗಿ ನಿಂತಿತು. ಆಮೇಲೆ ಮನೆ ಸೇರುವವರೆಗೂ ನನ್ನ ಜೊತೆಯಲ್ಲಿ ನೆನಪಾಗಿ ನಡೆದು ಬಂದವರು ನಮ್ಮ ಹಳೆಯ ಎದುರುಮನೆಯ ಟೀಚರ್.

ಎಪ್ಪತ್ತರ ದಶಕದ ನಡುವಿನ ವರ್ಷಗಳವು. ನಮ್ಮ ಮನೆ ಆಗ ರಾಜಾಜಿನಗರದಲ್ಲಿತ್ತು. ಅವಿವಾಹಿತೆಯಾದ ಟೀಚರ್ ಅಣ್ಣನ ಸಂಸಾರದೊಂದಿಗಿದ್ದರು. ಹತ್ತಿರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದರು. ಕಾಲೇಜಿನಲ್ಲಿದ್ದ ನನ್ನ ಚರ್ಚಾಸ್ಪರ್ಧೆಯ ಭಾಷಣಗಳನ್ನೆಲ್ಲ ಅವರ ಜಗುಲಿಯಲ್ಲೇ ತಿದ್ದಿಸಿಕೊಳ್ಳುತ್ತಿದ್ದೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂಬುದನ್ನು ಕಲಿಸಿದವರು ಅವರು. ಆದರೆ ಸ್ವಂತದ ಮಾತು ಬಂದಾಗ ಅವರ ಬಾಯಲ್ಲಿ ಇದ್ದದ್ದು ಒಂದೇ ಪದ: ‘ಇರ್ಲಿ’. ಅತ್ತಿಗೆ ತಳ ಹಿಡಿದ ಅನ್ನ ಬಡಿಸಿದರೂ ಇರ್ಲಿ. ವಿದ್ಯಾರ್ಥಿನಿಯೊಬ್ಬಳು ಅಪರೂಪದ ಹೂವು ತಂದುಕೊಟ್ಟರೂ, ಮುಖ ಕೆಂಪಾಗಿಸಿಕೊಂಡು, ಇರ್ಲಿ.

ಒಂದು ಮಳೆಗಾಲದಲ್ಲಿ ಅವರು ಬಸ್ಸಿನ ಫುಟ್‌ಬೋರ್ಡಿನಿಂದ ಜಾರಿ ಬಿದ್ದರು. ಎಡತೊಡೆಯ ಮೂಳೆ ಮುರಿದು, ವಕ್ರವಾಗಿ ಕೂಡಿಕೊಂಡಿತು. ಶಾಲೆಗೆ ಕೋಲೂರಿ ನಡೆದು ಹೋಗುತ್ತಿದ್ದರು. ಅಷ್ಟರಲ್ಲಿ ಆಡಳಿತ ಮಂಡಳಿಯವರು ಅವರನ್ನು ಕೆಂಗೇರಿಯಲ್ಲಿ ತೆರೆದ ಹೊಸ ಶಾಲೆಗೆ ಹಾಕಿದರು. ಬೇಸಗೆ ರಜೆ ಮುಗಿದು ಶಾಲೆ ತೆರೆಯುವ ದಿನ ಅಲ್ಲಿ ಹಾಜರಿರಬೇಕು, ಆಗದಿದ್ದರೆ ರಾಜೀನಾಮೆ ಕೊಡಬಹುದು ಎಂದರು. ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿ ಕೆಂಗೇರಿ ಮುಟ್ಟುವುದು ಆ ಕಾಲಿಗೆ ಸಾಧ್ಯವಿರಲಿಲ್ಲ. “ಮನೇಲಿರು ಸಾಕು. ಮಕ್ಕಳಿಗೆ ಪಾಠ ಹೇಳ್ಕೊಂಡು ಇದ್ಬಿಡು” ಎಂದು ಅಣ್ಣ ತೀರ್ಮಾನಿಸಿಬಿಟ್ಟಿದ್ದರು. ಟೀಚರ್ ಅದಕ್ಕೂ ‘ಇರ್ಲಿ’ ಎಂದರಂತೆ. ಒಪ್ಪಿಕೊಂಡಳೆಂದು ಮನೆಯವರು ತಿಳಿದರು. ಟೀಚರ್ ಮಾತ್ರ ರಜೆಯಲ್ಲಿ ಯಾರಿಗೂ ಹೇಳದೆ ಡ್ರೈವಿಂಗ್ ಶಾಲೆಗೆ ಸೇರಿ, ಲೈಸೆನ್ಸ್ ಪಡೆದುಕೊಂಡು ಬಂದರು.

ಅದೇ ವರ್ಷ ನಾನು ‘ಖಾಸಗಿ ವಾಹನ ಸಮಾಜಕ್ಕೆ ಹೊರೆ’ ಎಂಬ ವಿಷಯದ ಪರವಾಗಿ ಮಾತನಾಡಿ ಬಹುಮಾನ ಗೆದ್ದಿದ್ದೆ. ಎಲ್ಲರಿಗೂ ಸಾಲುವಷ್ಟು ಬಸ್ಸುಗಳಿರುವ ನಾಡಿನಲ್ಲಿ ಯಾರಿಗೂ ಕಾರು ಬೇಕಾಗದು ಎಂದು ಮನಸಾರೆ ನಂಬಿದ್ದೆ. ಇಂದಿಗೂ ಬಹುಮಟ್ಟಿಗೆ ನಂಬುತ್ತೇನೆ. ಟೀಚರ್ ಜಗುಲಿಗೆ ಕರೆದು, “ನಿನ್ನ ವಾದ ಸರಿಯಾಗೇ ಇದೆ ಕಣೋ. ಆದ್ರೆ ನಾನು ಹತ್ತೋವರೆಗೂ ನಿನ್ನ ಬಸ್ಸು ನಿಲ್ಲಲ್ವಲ್ಲ” ಎಂದರು. ಆಮೇಲೆ, “ನಾಳೆ ಕಾರು ನೋಡಕ್ಕೆ ಹೋಗ್ಬೇಕು, ನೀನೂ ಬಾ. ಹೆಂಗಸು ಒಬ್ಳೇ ಹೋದ್ರೆ ಮಾರೋರು ಗಂಡ ಎಲ್ಲಿ ಅಂತ ಹುಡುಕ್ತಾರೆ” ಎಂದು ನಕ್ಕರು.

ಹೊಸ ಕಾರಿಗೆ ಆಗ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಅವರ ಉಳಿತಾಯಕ್ಕೆ ಎಟುಕುತ್ತಿದ್ದುದಾದರೂ ಹಳೆಯ ಸಣ್ಣ ಕಾರು ಮಾತ್ರ. ನಮ್ಮ ಬಡಾವಣೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ, ಹುಬ್ಬಳ್ಳಿ ಕಡೆಯ ಸಾಹುಕಾರರೊಬ್ಬರು ಮನೆ ಪಕ್ಕದ ಖಾಲಿ ಸೈಟಿನಲ್ಲಿ ಅಂಥ ಕಾರುಗಳನ್ನು ನಿಲ್ಲಿಸಿ ಮಾರುತ್ತಿದ್ದರು. ಶನಿವಾರ ನಾವು ಹೋದಾಗ ಮೂರು ಕಾರುಗಳಿದ್ದವು. ದೊಡ್ಡದು ಪೆಟ್ರೋಲು ಕುಡಿಯುವ ಆನೆ. ಅದರ ಹತ್ತಿರಕ್ಕೂ ಟೀಚರ್ ಹೋಗಲಿಲ್ಲ. ಉಳಿದವೆರಡೂ ಸಣ್ಣವು: ನಾಲ್ಕು ಬಾಗಿಲಿನ ಹಾಲುಬಣ್ಣದ್ದೊಂದು, ಎರಡು ಬಾಗಿಲಿನ ಹಸಿರು ಬಣ್ಣದ್ದೊಂದು. ಬೆಲೆಯಲ್ಲಿ ಹೆಚ್ಚು ಅಂತರವಿರಲಿಲ್ಲ. ಸಾಹುಕಾರರು ಮೈಲೇಜು, ಟೈರು, ಹಿಂದಿನ ಮಾಲೀಕರ ಸಜ್ಜನಿಕೆ ಎಲ್ಲವನ್ನೂ ವರ್ಣಿಸಿದರು. ಟೀಚರ್ ಕೇಳಿಸಿಕೊಂಡಂತೆ ಕಾಣಲಿಲ್ಲ. ಹಾಲುಬಣ್ಣದ ಕಾರಿನಲ್ಲಿ ಕೂತು ಎಡಗಾಲಿನಿಂದ ಕ್ಲಚ್ ಒತ್ತಿದರು. ಅದು ಅರ್ಧಕ್ಕೆ ನಿಂತಿತು. ತುಟಿ ಕಚ್ಚಿಕೊಂಡು ಮತ್ತೆ ಒತ್ತಿದರು, ಕಾಲು ನಡುಗಿತು. ಹಸಿರು ಕಾರಿನಲ್ಲಿ ಕೂತರು. ಪೆಡಲ್ ಮೆತ್ತಗೆ ನೆಲ ಮುಟ್ಟಿತು... ಅವರು ಹಾಗೇ ಕೆಲಹೊತ್ತು ಕಾಲನ್ನು ಅಲ್ಲೇ ಇರಿಸಿಕೊಂಡು ಕೂತಿದ್ದರು. ಇಳಿದು ಬಂದು, ಬಾನೆಟ್ಟಿನ ಮೇಲೆ ಕೈ ಇಟ್ಟು, “ಇರ್ಲಿ” ಎಂದರು. ಮಾರನೆಯ ದಿನ ಅಡ್ವಾನ್ಸ್ ತರುವುದೆಂದುಕೊಂಡು ನಾವು ಹೊರಟೆವು.

ಭಾನುವಾರ ಬೆಳಿಗ್ಗೆ ಹೋದರೆ ಹಸಿರು ಕಾರಿನಲ್ಲಿ ಬೇರೊಬ್ಬರು ಕೂತಿದ್ದರು, ವಿಜಯನಗರದ ಕಂಟ್ರಾಕ್ಟರ್. ಸಾಹುಕಾರರು ಕನ್ನಡಿ ಒರೆಸುತ್ತಿದ್ದರು.

“ಇದು ನಮ್ಮದಲ್ವಾ?” ಎಂದೆ.

“ನಿಮ್ದು ಹ್ಯಾಂಗಾತ್ರಿ?” ಸಾಹುಕಾರರು ನಿಜಕ್ಕೂ ಚಕಿತರಾದರು. “ಅಕ್ಕಾರು ನಿನ್ನೆ ಇರ್ಲಿ ಅಂದ್ರಲ್ರಿ. ನಮ್ಮ ಅಂಗಡ್ಯಾಗ ಸೀರಿ ಸರಿಸಿ ಇರ್ಲಿ ಅಂದ್ರ ಬ್ಯಾಡ ಅಂತ ಅರ್ಥ. ನಾ ಹಂಗ ತಿಳದೆ. ಇವ್ರಿಗೆ ಮಾತು ಕೊಟ್ಟೀನಿ.”

ಇರಲಿ ಎಂದರೆ ತನಗಾಗಿ ಇರಲಿ ಎಂದರ್ಥ ಎಂದು ನಾನು ವಾದ ಆರಂಭಿಸಿದೆ. ಪದದ ಅರ್ಥ ಆಡಿದವರ ಇಂಗಿತದಲ್ಲಿದೆಯೇ, ಕೇಳಿದವರ ಗ್ರಹಿಕೆಯಲ್ಲಿದೆಯೇ ಎಂಬಲ್ಲಿಗೆ ಬಂದು, ಒಪ್ಪಂದದ ನೀತಿಯನ್ನು ವಿವರಿಸತೊಡಗಿದೆ. ಸಾಹುಕಾರರ ಮುಖ ಬಿಗಿಯಿತು.

ಕಂಟ್ರಾಕ್ಟರ್ ಸ್ಟೀರಿಂಗ್ ಬಿಡದೆ, “ಏನ್ ಗುರು, ಎಲೆಕ್ಷನ್‌ಗೆ ನಿಂತಿದೀಯಾ?” ಎಂದರು.

“ನೀನು ಸುಮ್ನಿರು” ಎಂದು ಟೀಚರ್ ನನ್ನನ್ನು ತಡೆದರು. ಕೋಲೂರಿಕೊಂಡು ಕಾರಿನ ಬಾಗಿಲ ಬಳಿ ನಿಂತರು.

“ನಂಗೆ ಈ ಕಾರು ಬೇಕು.”

ಅವರು ತಮಗಾಗಿ ಏನನ್ನಾದರೂ ಬೇಕು ಎಂದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

“ನಮ್ಮನೇವ್ಳು ಹಸಿರೇ ಬೇಕು ಅಂದಿದಾಳೆ ಮೇಡಂ. ಪಕ್ಕದ್ದೂ ಚೆನ್ನಾಗೇ ಇದೆಯಲ್ಲ, ಅದನ್ನ ತಗೊಳ್ಳಿ.”

“ಅದರ ಕ್ಲಚ್ ನನ್ನ ಕಾಲಿಗೆ ಬಗ್ಗಲ್ಲ. ನಾಳೆ ಕೆಂಗೇರಿ ಶಾಲೇಲಿ ನಾನು ಸಹಿ ಹಾಕ್ಬೇಕು. ಹಾಕ್ದಿದ್ರೆ ಕೆಲಸ ಹೋಗುತ್ತೆ. ಇದು ಬಿಟ್ರೆ ನಂಗೆ ಬೇರೆ ದಾರಿ ಇಲ್ಲ. ನೀವು ಒಂದ್ಸಲ ಅದರಲ್ಲಿ ಕೂತು ಒತ್ತಿ ನೋಡಿ. ಆಮೇಲೆ ನಿಮಗೆ ತೋಚಿದ್ದು ಮಾಡಿ.”

ಬೇಡಿಕೊಳ್ಳುವ ದನಿಯಾಗಿರಲಿಲ್ಲ, ತರಗತಿಯಲ್ಲಿ ವ್ಯಾಕರಣ ಹೇಳುವಾಗಿನ ದನಿ ಅದು. ಕಂಟ್ರಾಕ್ಟರ್ ಟೀಚರ್ ಕೈಯ ಕೋಲನ್ನು ನೋಡಿದರು. ಇಳಿದು ಹಾಲುಬಣ್ಣದ ಕಾರಿನಲ್ಲಿ ಕೂತರು. ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ಸಾಹುಕಾರರ ಕೈಯ ಬಟ್ಟೆ ಕನ್ನಡಿಯ ಮೇಲೆ ನಿಂತೇ ಇತ್ತು. ಗಾಡಿಯೊಳಗೇ ಕೂತಿದ್ದ ಆ ಮನುಷ್ಯ ನಮ್ಮ ಕಡೆ ತಿರುಗದೆ ಬಹಳ ಹೊತ್ತು ರಸ್ತೆ ನೋಡುತ್ತಿದ್ದರು. ನಾನು ಮನಸ್ಸಿನಲ್ಲೇ ಇನ್ನೊಂದು ವಾದ ಕಟ್ಟುತ್ತಿದ್ದೆ. ಟೀಚರ್ ಅದನ್ನು ಅರಿತವರಂತೆ ನನ್ನ ತೋಳು ಹಿಡಿದುಕೊಂಡರು.

ಕೊನೆಗೆ ಕಂಟ್ರಾಕ್ಟರ್ ಇಳಿದು, “ಗಟ್ಟಿಯಾಗೇ ಇದೆ” ಎಂದರು. “ತಗೊಂಡ್ಹೋಗಿ ಮೇಡಂ. ಬಣ್ಣ ಯಾವ್ದಾದ್ರೂ ಮನೇಲಿ ಬೈಗುಳ ತಪ್ಪಲ್ಲ.” ಸಾಹುಕಾರರು ಆಗ ಉಸಿರು ಬಿಟ್ಟು, “ಅಕ್ಕಾರ, ಬೇಕು ಅನ್ನೋದು ನಿನ್ನೆ ಅನ್ನಬೇಕಿತ್ತಲ್ರಿ. ಕನ್ನಡ ಕಲಿಸೋರು ನೀವ” ಎಂದರು. ಟೀಚರ್ ನಗಲು ಹೋದರು. ಆಗದೆ ಸೆರಗಿನಿಂದ ಮುಖ ಒರೆಸಿಕೊಂಡರು.

ಸೋಮವಾರ ಬೆಳಿಗ್ಗೆ ಅವರ ಅಣ್ಣ ಗೇಟಿನ ಬಳಿ ನಿಂತಿದ್ದರು. ತಡೆಯಲಿಲ್ಲ, ಹರಸಲೂ ಇಲ್ಲ. ಕಾರು ತಿರುವಿನಲ್ಲಿ ಮರೆಯಾದ ಮೇಲೂ ಅಲ್ಲೇ ನಿಂತಿದ್ದರು. ಟೀಚರ್ ಕೆಂಗೇರಿಯಲ್ಲಿಯೇ ನಿವೃತ್ತರಾದರು. ನಾನು ಊರೂರು ಸುತ್ತುವ ಸಂಘಟನೆಯ ಕೆಲಸಕ್ಕೆ ಬಿದ್ದೆ. ಕಾಣುವುದು ಅಪರೂಪವಾಯಿತು, ಆಮೇಲೆ ಅದೂ ನಿಂತಿತು...

ಅವರು ತೀರಿಕೊಂಡ ಸುದ್ದಿ ಹೋದ ವರ್ಷ ಅವರ ಹಳೆಯ ವಿದ್ಯಾರ್ಥಿನಿಯೊಬ್ಬರಿಂದ ತಿಳಿಯಿತು, ತಿಂಗಳುಗಳು ಕಳೆದ ಮೇಲೆ. ಆ ಬೆಳಿಗ್ಗೆ ಕಂಟ್ರಾಕ್ಟರ್ ಆಗಲ್ಲ ಎಂದುಬಿಟ್ಟಿದ್ದರೆ ಏನು ಮಾಡುತ್ತಿದ್ದಿರಿ ಟೀಚರ್, ಎಂದು ಒಮ್ಮೆಯಾದರೂ ಕೇಳಬಹುದಿತ್ತು. ಅವರ ಬಳಿ ಇನ್ನೊಂದು ಉಪಾಯವಿತ್ತೋ, ಆ ಒಂದು ಮಾತಿನಾಚೆ ಏನೂ ಇರಲಿಲ್ಲವೋ... ಅದನ್ನು ಬಲ್ಲವರು ಈಗ ಯಾರೂ ಇಲ್ಲ.